ನೀನು ನಿಂತದ್ದನ್ನು ನಾನು ನೋಡಿದ್ದೆ

ಚೇತನಾ, ಆ ದಿನ ಚೆರಾಟಿಂಗಿನ ಸಮುದ್ರದಲ್ಲಿ ನೀನು ಅಲೆಯಾಟದ ಹಲಗೆಯ ಮೇಲೆ ಎದ್ದು ನಿಂತಿದ್ದೆ. ಎರಡೂ ಕಾಲೂರಿ, ಕೈ ಅಗಲಿಸಿ, ಸರಿಯಾಗಿಯೇ ನಿಂತಿದ್ದೆ. ನಾನು ಕಣ್ಣಾರೆ ನೋಡಿದೆ. ನೋಡಿಯೂ ಇಲ್ಲ ಅಂದೆ. ಮಂಜು ಕವಿದಿತ್ತು, ನಿಜ, ಆದರೂ ಚೆನ್ನಾಗಿಯೇ ಕಾಣುತ್ತಿತ್ತು. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ.

ಅದು ೨೦೧೨ರ ಡಿಸೆಂಬರ್ ರಜೆ. ವರ್ಷವಿಡೀ ಬೇಸಿಗೆಯೇ ಇರುವ ಕೌಲಾಲಂಪುರದ ಮಾಂಟ್ ಕಿಯಾರಾದಿಂದ ಅಣ್ಣತಮ್ಮಂದಿರ ಎರಡೂ ಸಂಸಾರ ಒಂದೇ ವ್ಯಾನಿನಲ್ಲಿ ಪೂರ್ವದ ಕರಾವಳಿಗೆ ಹೋಗಿದ್ದೆವು. ಅಲ್ಲಿ ಮಳೆಗಾಲ. ನೀರಿನ ಮೇಲೆ ಬೂದು ಮಂಜು, ಮೈ ನಡುಗಿಸುವ ಗಾಳಿ. ಮೈಸೂರಿನಿಂದ ತಂದು ಪೆಟ್ಟಿಗೆಯ ತಳದಲ್ಲಿ ಮರೆತಿದ್ದ ಸ್ವೆಟರನ್ನು ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಹಾಕಿಕೊಂಡೆ. ಅಂಥ ಹವೆಯಲ್ಲೇ ಅಲೆ ಚೆನ್ನಾಗಿ ಏಳುವುದಂತೆ. ಹುಡುಗ ಹುಡುಗಿಯರು ಹಲಗೆ ಹಿಡಿದು ಮಂಜಿನೊಳಗೆ ಹೋಗುತ್ತಿದ್ದರು, ಅಲೆಯ ಮೇಲೆ ನಿಂತು ಹೊರಗೆ ಬರುತ್ತಿದ್ದರು. ನಾನು ದಡದಲ್ಲಿ ಕೊಡೆ ಹಿಡಿದು ನೋಡುತ್ತಿದ್ದೆ. ನನಗೇನು, ಯಾವಾಗಲೂ ನೋಡುವುದೇ ಕೆಲಸ.

ಆ ವರ್ಷ ನಿನ್ನ ಮಗು ಹೊಟ್ಟೆಯಲ್ಲೇ ಹೋಗಿತ್ತು. ತಿಂಗಳುಗಟ್ಟಲೆ ನೀನು ನೆಟ್ಟಗೆ ತಲೆ ಬಾಚಿಕೊಳ್ಳಲಿಲ್ಲ, ಯಾರ ಹತ್ತಿರವೂ ಮಾತಾಡಲಿಲ್ಲ. ನಿನ್ನ ಗಂಡ ರಘು ಆಫೀಸಿನವರ ಜೊತೆ ನಿನ್ನನ್ನು ಸಮುದ್ರಕ್ಕೆ ಕರೆದುಕೊಂಡು ಹೋದಾಗ ಯಾರೋ ಹಲಗೆ ಹತ್ತಿಸಿದರು ನೋಡು, ಅಲ್ಲಿಂದ ನಿನ್ನ ಮುಖಕ್ಕೆ ಕಳೆ ಬಂತು. ವಾರ ಬಂದರೆ ಸಮುದ್ರ, ಸಮುದ್ರ. ರಘುವಿಗೆ ಭಯ, ಮೈಸೂರಿನಿಂದ ಅತ್ತೆ ಬೇರೆ ಫೋನಿನಲ್ಲಿ ಗದರುತ್ತಿದ್ದರು. ಹಾಗಾಗಿ ಅವತ್ತು ತಿಂಡಿ ತಿನ್ನುವಾಗ ಅವನೊಂದು ಷರತ್ತು ಹಾಕಿದ.

"ಇವತ್ತು ಒಂದ್ಸಲ ನಿಂತು ತೋರ್ಸು. ನಿಂತ್ರೆ ಪ್ರತಿ ವಾರ ನಾನೇ ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ಇಲ್ಲಿಗೆ ಬಿಟ್ಬಿಡೋಣ. ಅತ್ತಿಗೆ ನೋಡ್ಲಿ, ಅವ್ರು ಹೇಳಿದ್ದೇ ಫೈನಲ್."

ನಮ್ಮ ಮನೆಯ ಪದ್ಧತಿಯೇ ಅದಲ್ಲವೇ — ಸೊಸೆಯರ ವಿಷಯ ಬಂದರೆ ಹಿರಿಸೊಸೆಯ ಮಾತೇ ಕೊನೆ. ಕೌಲಾಲಂಪುರಕ್ಕೆ ಬಂದರೂ ಅದನ್ನು ಯಾರೂ ಬಿಟ್ಟಿರಲಿಲ್ಲ. ನೀನು ಸಂತೋಷದಿಂದ ಒಪ್ಪಿಕೊಂಡೆ. ಅಕ್ಕ ನೋಡಿದರೆ ಸಾಕು ಅಂದೆ.

ನನ್ನೊಳಗೆ ಏನಿತ್ತೆಂದು ನಿನಗೆ ಹೇಗೆ ಗೊತ್ತಾಗಬೇಕು? ನನ್ನದೂ ಒಂದು ಮಗು ಹಾಗೆಯೇ ಹೊಟ್ಟೆಯಲ್ಲಿ ಹೋಗಿತ್ತು, ನೀನು ಈ ಮನೆಗೆ ಬರುವ ಮುಂಚೆ. ವಾರ ಕಳೆಯುವ ಮೊದಲೇ ಎದ್ದು ಎಲ್ಲರಿಗೂ ಸಾರು ಮಾಡಿದೆ. ನನ್ನನ್ನು ಯಾರೂ ಯಾವ ಸಮುದ್ರಕ್ಕೂ ಕರೆದುಕೊಂಡು ಹೋಗಲಿಲ್ಲ. ನಾನೂ ಕೇಳಲಿಲ್ಲ — ಕೇಳಬಹುದೆಂದೇ ಹೊಳೆದಿರಲಿಲ್ಲ. ನೀನು ಬಾಯಿಬಿಟ್ಟು ಬೇಕು ಅಂದೆ, ಸಿಕ್ಕಿತು. ನಿನ್ನ ಒದ್ದೆ ಕೂದಲು, ನಿನ್ನ ನಗು, ಟವೆಲ್ ಹಿಡಿದು ಕಾಯುವ ನಿನ್ನ ಗಂಡ... ಒಂದೊಂದೂ ನನ್ನ ಹೊಟ್ಟೆ ಉರಿಸುತ್ತಿತ್ತು. ಇದನ್ನು ಸಮಜಾಯಿಷಿಯೆಂದು ಹೇಳುತ್ತಿಲ್ಲ. ನನ್ನ ಹಾಗೆ ನೊಂದವಳು ಎಂದು ನಿನ್ನನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳಬೇಕಿತ್ತು ನಾನು.

ನನ್ನ ಮಕ್ಕಳಿಗೆ ಚಳಿಯೆಂದು ಗಂಡಸರಿಬ್ಬರೂ ಅವರನ್ನು ರಸ್ತೆಬದಿಯ ಮಾಮಕ್ ಹೋಟೆಲಿಗೆ ಬಿಸಿ ಚಹಾ ಕುಡಿಸಲು ಕರೆದುಕೊಂಡು ಹೋದರು. ಅಲೆಯಾಟ ಕಲಿಸುವವನು ನಿನ್ನ ಹಲಗೆಯನ್ನು ಹಿಂದಿನಿಂದ ತಳ್ಳಿ ತಾನು ಮಂಜಿನಲ್ಲೇ ಉಳಿದ. ನೀನೊಬ್ಬಳೇ ಹೊರಗೆ ಬಂದೆ. ಮೊದಲು ಮಂಡಿ, ಆಮೇಲೆ ಒಂದು ಪಾದ, ಇನ್ನೊಂದು — ನಿಂತುಬಿಟ್ಟೆ. ನೀನು ಹೆದರಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಎಷ್ಟು ಚಂದ ಕಂಡೆ ಗೊತ್ತೇ. ನೀನು ಬೀಳುವ ತನಕ ನಾನು ನೋಡುತ್ತಲೇ ಇದ್ದೆ.

ಉಪ್ಪುನೀರು ಉಗುಳುತ್ತ ಓಡಿ ಬಂದು ನನ್ನ ಕೈ ಹಿಡಿದುಕೊಂಡೆ. ನಿನ್ನ ಕೈ ಮಂಜುಗಡ್ಡೆಯ ಹಾಗಿತ್ತು.

"ಅಕ್ಕ, ನಿಂತ್ನಾ? ನಿಂತ ಹಾಗೆ ಅನ್ನಿಸ್ತು, ಸರಿಯಾಗಿ ಗೊತ್ತಾಗ್ಲಿಲ್ಲ. ನೀವು ನೋಡಿದ್ರಲ್ಲ?"

"ಇಲ್ಲ ಕಣೇ. ಮಂಡಿ ಮೇಲೇ ಇದ್ದೆ."

ನೀನು ವಾದಿಸಲಿಲ್ಲ. ಇನ್ನೊಮ್ಮೆ ಹೋಗುತ್ತೇನೆಂದು ತಿರುಗಿದೆ, ಅಷ್ಟರಲ್ಲಿ ಗಾಳಿ ಜೋರಾಗಿ ಕೆಂಪು ಬಾವುಟ ಏರಿಸಿ ಎಲ್ಲರನ್ನೂ ನೀರಿನಿಂದ ಹೊರಗೆ ಕರೆದರು. ರಘು ಬಂದು "ಏನಾಯ್ತು ಅತ್ತಿಗೆ?" ಅಂದ. ನಾನು ಇಲ್ಲವೆಂದು ತಲೆಯಾಡಿಸಿದೆ. ಹಿಂದಿರುಗುವಾಗ ವ್ಯಾನಿನಲ್ಲಿ ಕಟ್ಟಿಸಿಕೊಂಡು ತಂದ ತೆಂಗಿನಹಾಲಿನ ಅನ್ನ, ನಾಸಿ ಲೆಮಾಕ್ ಹಂಚಿ, ನಿನ್ನ ಅನ್ನಕ್ಕೆ ಒಂದು ಮೊಟ್ಟೆ ಹೆಚ್ಚಿಗೆ ಇಟ್ಟೆ. ನೀನು ಮುಟ್ಟಲಿಲ್ಲ. ಹಾಳಾದವಳು ನಾನು... ಆ ಹೊತ್ತಿಗೆ ನನ್ನ ಮನಸ್ಸಿಗೆ ಹಾಯೆನಿಸಿತ್ತು.

ಆಮೇಲೆ ನೀನು ಸಮುದ್ರದ ಹೆಸರೆತ್ತಲಿಲ್ಲ. ಕಾರು ಕಲಿ ಅಂದರೆ ನನ್ನ ಕೈಲಾಗಲ್ಲ ಅಂದೆ. ಕೆಲಸಕ್ಕೆ ಕರೆ ಬಂದರೂ ಅದನ್ನೇ ಅಂದೆ. ಇಶಾ ಹುಟ್ಟಿದಳು, ಮಾತು ಕಲಿತಳು. ಹೋದ ವಾರ ಟಿವಿಯಲ್ಲಿ ಅಲೆಯಾಟ ನೋಡುತ್ತ ಆ ಮಗು, "ಅಮ್ಮಾ, ಡಿಡ್ ಯು ಎವರ್ ಸ್ಟ್ಯಾಂಡ್ ಅಪ್?" ಅಂತ ಕೇಳಿತು. ನೀನು ನಕ್ಕೆ.

"ನಿಮ್ಮಮ್ಮನಿಗೆ ಬ್ಯಾಲೆನ್ಸೇ ಇಲ್ಲ ಪುಟ್ಟಿ. ಬೇಕಾದ್ರೆ ದೊಡ್ಡಮ್ಮನ್ನ ಕೇಳು, ನೋಡಿದ್ದು ಅವ್ರೇ."

ಮಗು ನನ್ನ ಕಡೆ ತಿರುಗಿತು. ಆಗಲಾದರೂ ಹೇಳಬಹುದಿತ್ತು. ಕುಕ್ಕರ್ ನೋಡಬೇಕೆಂದು ನಾನು ಅಡುಗೆಮನೆಗೆ ಎದ್ದುಹೋದೆ.

ನಾಳೆ ಊಟಕ್ಕೆ ಬರುತ್ತೀರಲ್ಲ, ರಘುವಿನ ಎದುರಿಗೆ, ಇಶಾಳ ಎದುರಿಗೆ, ನಿಮ್ಮ ಭಾವನವರ ಎದುರಿಗೆ ಇಷ್ಟನ್ನೂ ಹೇಳುತ್ತೇನೆ. ಅತ್ತೆಗೂ ಫೋನ್ ಮಾಡಿ ಹೇಳುತ್ತೇನೆ. ಆಮೇಲೆ ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇರುವುದಿಲ್ಲ, ಇರಬಾರದು. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಇಷ್ಟು ವರ್ಷ ನಿನ್ನ ಕಾಲನ್ನು ನೀನೇ ನಂಬದ ಹಾಗೆ ಮಾಡಿದವಳು ನಾನು, ಚೇತನಾ.