ಐದಕ್ಕೆ ಎಷ್ಟು, ಮಾರಿಸೆಲಾ?

ಪಾಠ ಪುಕ್ಕಟೆ, ಪರೀಕ್ಷೆಗೆ ಮಾತ್ರ ಶುಲ್ಕ; ಇದು ಲರೇಡೊ ಊರಿಗೆಲ್ಲ ಗೊತ್ತು. ಮೇ ತಿಂಗಳಲ್ಲಿ ಕಾಲೇಜು ಮಟ್ಟದ ಕ್ಯಾಲ್ಕುಲಸ್ ಪರೀಕ್ಷೆ ಮುಗಿದರೆ ಸಾಕು, ಹೈಸ್ಕೂಲಿನ ಊಟದ ಕೋಣೆಯಲ್ಲಿ ಎಲ್ಲರೂ ತಮ್ಮ ಅಂಕ ಕೇಳಲು ಸಹಪಾಠಿ ಮಾರಿಸೆಲಾಳ ಮೇಜಿಗೆ ಮುತ್ತುತ್ತಾರೆ. ಐದಕ್ಕೆ ಮೂರು ಬಂದರೂ ಕಾಲೇಜಿನಲ್ಲಿ ಆ ವಿಷಯ ಮತ್ತೆ ಓದಬೇಕಿಲ್ಲ. ಫಲಿತಾಂಶ ಬರುವ ಜುಲೈವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಅವಳು ಪಲ್ಯ ತುಂಬಿದ ಟಾಕೊ ರೊಟ್ಟಿ ಕಚ್ಚುತ್ತಲೇ ವಿಚಾರಣೆ ನಡೆಸುತ್ತಾಳೆ. “ಇಂಟಿಗ್ರೇಷನ್ ಉತ್ತರದ ಕೊನೇಲಿ ಪ್ಲಸ್ ಸಿ ಅಂತ ಸ್ಥಿರಾಂಕ ಹಾಕಿದ್ಯೇನೋ, ಎಫ್ರೇನ್?” “ಮರೆತೆ ಕಣೇ.” “ಬೀನ್ಸ್ ಬೇಯಿಸಿ ಉಪ್ಪು ಮರೆತ ಹಾಗಾಯ್ತಲ್ಲೋ ಪೆದ್ದ! ಅಳಬೇಡ, ಆದ್ರೂ ನಾಲ್ಕು ಬರುತ್ತೆ.” ಅವಳ ಅಂದಾಜು ತಪ್ಪಿದ್ದು ಯಾರಿಗೂ ನೆನಪಿಲ್ಲ. “ನಿಂಗೆ ಐದು ಗ್ಯಾರಂಟಿ ಬಿಡು,” ಅಂದ ಎಫ್ರೇನ್. ಅವಳು ಟಾಕೊ ಸುತ್ತಿದ್ದ ಕಾಗದವನ್ನು ಸಣ್ಣಗೆ ಮಡಚಿದಳು. “ನಾನೆಲ್ಲಿ ಬರೆದೆ? ನವೆಂಬರ್‌ನಲ್ಲಿ ಶುಲ್ಕದ ಚೀಟಿ ಕೊಟ್ರಲ್ಲ, ಅಷ್ಟು ದುಡ್ಡು ಎಲ್ಲಿಂದ ತರ್ತಾಳೆ ಅಂತ ಅಮ್ಮನಿಗೆ ತೋರಿಸಲೇ ಇಲ್ಲ.” ಅವಳಿಗಿನ್ನೂ ಒಂದು ವರ್ಷ ಶಾಲೆಯಿದೆ. ಮಕ್ಕಳ ಅಂಕವನ್ನು ಅವಳಿಂದ ಮೊದಲೇ ತಿಳಿದು ಹಿಗ್ಗಿದವರೇ, ಈ ನವೆಂಬರ್‌ನಲ್ಲಿ ಬರುವ ಹೊಸ ಚೀಟಿಯನ್ನು ಅವಳ ಚೀಲದಿಂದ ಕಿತ್ತುಕೊಂಡು ಶುಲ್ಕ ನೀವೇ ಕಟ್ಟಿ.