ನಡಿಗೆ ಓದುವ ಅಟ್ಟೆಯಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ಹಿಂಬದಿಯಲ್ಲಿ, ಹಿಂದೆ ಹಾಸಿಗೆ ಬಟ್ಟೆ ಒಗೆಯುತ್ತಿದ್ದ ಉದ್ದನೆಯ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಮೇಜಿನ ಮೇಲೆ ಒಂಬತ್ತು ಜೊತೆ ಶೂಗಳು ಸಾಲಾಗಿ ಕುಳಿತಿವೆ. ಐವತ್ತಮೂರರ ಹೆಂಗಸೊಬ್ಬರು ಒಂದೊಂದನ್ನೇ ಎತ್ತಿಕೊಂಡು, ಒಳಗೆ ಕೈ ತೂರಿಸಿ, ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದಾರೆ. ಆರನೆಯ ಜೊತೆಗೆ ಬಂದಾಗ ಕೈ ನಿಲ್ಲುತ್ತದೆ. ಬೆರಳು ಮತ್ತೆ ಹಿಂದಕ್ಕೆ ಸರಿಯುತ್ತದೆ. "ಸಿಕ್ಕಿಬಿದ್ದ ಕಳ್ಳ" ಎನ್ನುತ್ತಾ ಅವರು ಚಿಮಟ ತೆಗೆದುಕೊಂಡು, ಒಳಗಿನ ಹೊಲಿಗೆಯಲ್ಲಿ ಉಬ್ಬಿಕೊಂಡಿದ್ದ ದಾರದ ಗಂಟೊಂದನ್ನು ಕಿತ್ತು ನನ್ನ ಅಂಗೈಗೆ ಹಾಕುತ್ತಾರೆ. ಸಾಸಿವೆ ಕಾಳಿನಷ್ಟೂ ಇಲ್ಲ.

"ಇಷ್ಟೇನಾ?" ಎನ್ನುತ್ತೇನೆ.

"ನಿಮ್ಮ ಕಾಲಿಗೆ ಇಷ್ಟೇ. ನೀವಾಗಿದ್ರೆ ಹತ್ತು ಹೆಜ್ಜೆ ಹಾಕೋದ್ರೊಳಗೆ ಚುಚ್ತು ಅಂತ ಶೂ ಬಿಚ್ಚಿ ಒದರ್ತಿದ್ರಿ. ಇದನ್ನ ಹಾಕ್ಕೊಳ್ಳೋರಿಗೆ ಚುಚ್ಚಿದ್ದೇ ಗೊತ್ತಾಗಲ್ಲ. ಗೊತ್ತಾಗಲ್ಲ ಅನ್ನೋದೇ ಅವರ ಕಾಯಿಲೆ."

ಆಸ್ಪತ್ರೆಯ ದಾಖಲೆಯಲ್ಲಿ ಇವರ ಹುದ್ದೆ 'ಪಾದರಕ್ಷೆ ಸಹಾಯಕಿ'. ಆ ಹೆಸರಿನಲ್ಲಿ ವಿಚಾರಿಸಿದರೆ ಬಾಗಿಲಲ್ಲಿ ಕೂತ ಕಾವಲಿನವರೂ ತಲೆ ಕೆರೆದುಕೊಳ್ಳುತ್ತಾರೆ. ಅಟ್ಟೆಯಕ್ಕ ಎಂದರೆ ಸಾಕು, ಎದ್ದು ಬಂದು ದಾರಿ ತೋರಿಸುತ್ತಾರೆ. ಶೂ ಒಳಗೆ ಕೂರುವ ಅಟ್ಟೆ ಇವರ ಕೆಲಸ. ಆದರೆ ಇದು ಬರಿಯ ಅಟ್ಟೆಯಲ್ಲ. ಅಂಗಿಯ ಗುಂಡಿಯಷ್ಟು ಅಗಲದ ಎಂಟು ಸೆನ್ಸರ್‌ಗಳು ಇದರೊಳಗೆ ಹುದುಗಿವೆ. ಪಾದದ ಯಾವ ಭಾಗದ ಮೇಲೆ ಎಷ್ಟು ಭಾರ ಬೀಳುತ್ತಿದೆ, ಎಲ್ಲಿ ಬಿಸಿ ಏರುತ್ತಿದೆ ಎಂದು ದಿನವಿಡೀ ಬರೆದಿಟ್ಟುಕೊಳ್ಳುತ್ತವೆ. ಹಾಕಿಕೊಂಡವರು ಸಂಜೆ ಮನೆಗೆ ಬಂದ ಕೂಡಲೇ ಅದೆಲ್ಲ ಮೊಬೈಲಿನ ಮೂಲಕ ಇಲ್ಲಿಗೆ, ಈ ಕೋಣೆಯ ಗೋಡೆಯಲ್ಲಿರುವ ಪರದೆಗೆ ಬಂದು ಸೇರುತ್ತದೆ.

ಪರದೆಯ ತುಂಬ ಪಾದಗಳು. ನೂರ ನಲವತ್ತಮೂರು ಜೊತೆ. ಹಲವು ವರ್ಷದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರವು. ಕೆಲವರು ಎರಡು ಬೀದಿ ಆಚೆ ಇದ್ದಾರೆ, ಕೆಲವರು ಇಲ್ಲಿಗೆ ಬರಬೇಕೆಂದರೆ ಆರು ಗಂಟೆ ಬಸ್ಸಿನಲ್ಲಿ ಕೂರಬೇಕು. ಎಡಗಾಲಿನ ಒಂದು ಜಾಗ ಬಲಗಾಲಿನ ಅದೇ ಜಾಗಕ್ಕಿಂತ ಎರಡು ಡಿಗ್ರಿಗೂ ಹೆಚ್ಚು ಬಿಸಿಯಾದರೆ ಪರದೆಯಲ್ಲಿ ಹಸಿರಾಗಿದ್ದ ಪಾದ ಹಳದಿಯಾಗುತ್ತದೆ. ಎರಡು ದಿನ ಹಾಗೇ ಉಳಿದರೆ ಕೆಂಪು. ಗಾಯ ಕಣ್ಣಿಗೆ ಬೀಳುವ ಮೊದಲೇ ಒಳಗೆ ಎದ್ದಿರುವ ಉರಿ ಅದು. ಅಷ್ಟರಲ್ಲೇ ನಡಿಗೆ ನಿಲ್ಲಿಸಿದರೆ ಗಾಯ ಆಗುವುದು ತಪ್ಪುತ್ತದೆ.

ಆರು ಗಂಟೆಗೆ ಪರದೆ ನೋಡುವುದು ಅಟ್ಟೆಯಕ್ಕನ ಕೆಲಸವೇ ಅಲ್ಲ. ಒಂಬತ್ತಕ್ಕೆ ಬರುವ ದಾದಿಯದು. "ಒಂಬತ್ತಕ್ಕೆ ನೋಡಿದ್ರೆ ಏನುಪಯೋಗ? ಅಷ್ಟು ಹೊತ್ತಿಗೆ ಎಲ್ಲಾ ಕೆಲಸಕ್ಕೆ ಹೊರಟುಬಿಟ್ಟಿರ್ತಾರೆ. ಹೊಸ್ತಿಲು ದಾಟೋಕೆ ಮುಂಚೆ ಹಿಡೀಬೇಕು." ಇಂದು ಹಳದಿ ನಾಲ್ಕು, ಕೆಂಪು ಒಂದು. ಫೋನ್ ಎತ್ತಿಕೊಳ್ಳುತ್ತಾರೆ. ಮೊದಲ ಕರೆಗೇ ಆ ಕಡೆಯಿಂದ ಗೊಣಗಾಟ. "ಬೈಕೊಳ್ಳಪ್ಪ, ಕೂತ್ಕೊಂಡು ಬೈಕೋ. ಎದ್ದು ಮಾತ್ರ ಓಡಾಡ್ಬೇಡ" ಎಂದು ನಗುತ್ತಾರೆ.

ಈ ಹಟ ಬಂದದ್ದು ಅಕ್ಕನಿಂದ. ಇವರಿಗಿಂತ ಏಳು ವರ್ಷ ದೊಡ್ಡವರಾದ ಅಕ್ಕ ದರ್ಜಿ, ಸಕ್ಕರೆ ಕಾಯಿಲೆಯವರು. ಹನ್ನೆರಡು ವರ್ಷದ ಹಿಂದೆ ಒಂದು ದಿನ, ಕೋಟಿನ ಗುಂಡಿಯೊಂದು ಅವರ ಶೂ ಒಳಗೆ ಬಿದ್ದಿತ್ತು. ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೇ ನಡೆದಾಡಿ, ಕಾಲಲ್ಲಿ ಮೆಷಿನ್ ತುಳಿದರು. ಕಾಲುಚೀಲ ಒದ್ದೆಯಾಗಿದೆಯಲ್ಲ ಎಂದು ಬಿಚ್ಚಿದಾಗ ಕಂಡದ್ದು ರಕ್ತ. ನೋವಿರಲಿಲ್ಲ. ಹಾಗಾಗಿ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಏಳು ವಾರದ ನಂತರ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು.

"ನಾನು ಶೂ ಹೊಲಿಯೋಳು. ನನ್ನಕ್ಕನ ಶೂ ಒಳಗೆ ನಾನೇ ಒಂದು ಸಲ ಕೈ ಹಾಕಿ ನೋಡ್ಲಿಲ್ವಲ್ಲ" ಎನ್ನುವಾಗ ಮಾತು ತಗ್ಗುತ್ತದೆ. ಅಟ್ಟೆ ಕತ್ತರಿಸುವ ಕೈ ಮಾತ್ರ ನಿಲ್ಲುವುದಿಲ್ಲ.

ಶೂ ಹೊಲಿಯುವುದು ಅವರಿಗೆ ಅಪ್ಪನಿಂದ ಬಂತು. ಅಪ್ಪ ಬಸ್ ನಿಲ್ದಾಣದ ಪಕ್ಕ ಪೆಟ್ಟಿಗೆ ಇಟ್ಟುಕೊಂಡು ಪಾದರಕ್ಷೆ ರಿಪೇರಿ ಮಾಡುತ್ತಿದ್ದರು. ಸವೆದ ಅಟ್ಟೆಗಳನ್ನು ಮಗಳ ಮುಂದೆ ತಿರುಗಿಸಿಟ್ಟು, ಇದರ ಯಜಮಾನ ಹೇಗಿರಬಹುದು ಹೇಳು ಎನ್ನುವುದು ಅವರ ಆಟ. "ಹಿಮ್ಮಡಿ ಹೊರಗಡೆ ಸವೆದಿದ್ರೆ ದಪ್ಪ ಆಸಾಮಿ ಅಂತಿದ್ದೆ. ಅಪ್ಪ ಬೈಯೋರು. ದಪ್ಪ ಅಲ್ವೇ, ಒಂದೇ ಭುಜಕ್ಕೆ ಭಾರ ಹೊರೋನು ಅಂತ." ಮುಂದೆ ಶೂ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದರು. ಕಾರ್ಖಾನೆ ಬಾಗಿಲು ಹಾಕಿದ ವರ್ಷವೇ ಆಸ್ಪತ್ರೆಯ ಪಾದ ಚಿಕಿತ್ಸಾ ವಿಭಾಗಕ್ಕೆ ಹೊಲಿಯುವವರು ಬೇಕಾಗಿದ್ದರು. ಅಕ್ಕನ ಕೃತಕ ಕಾಲಿಗೆ ಶೂ ಮಾಡಿಸಲು ಬಂದವರು ಕೆಲಸಕ್ಕೇ ನಿಂತರು.

ನಾಲ್ಕು ವರ್ಷದ ಹಿಂದೆ ಇಂಜಿನಿಯರುಗಳ ತಂಡವೊಂದು ಸೆನ್ಸರ್ ಅಟ್ಟೆಯನ್ನು ತಂದಾಗ, ಮೊದಲು ಕೊಟ್ಟ ಮೂವತ್ತು ಜೊತೆಗಳಲ್ಲಿ ಇಪ್ಪತ್ತೆರಡು ಜೊತೆ ಒಂದೇ ತಿಂಗಳೊಳಗೆ ವಾಪಸ್ ಬಂದವು. ಕೆಲವರು ಶೂ ಬಿಗಿ ಎಂದರು, ಕೆಲವರು ಕಾರಣವನ್ನೇ ಹೇಳಲಿಲ್ಲ. ಅಟ್ಟೆಯಕ್ಕ ಒಂದನ್ನು ತಮ್ಮ ಶೂಗೇ ಹಾಕಿಕೊಂಡು ಮೂರು ದಿನ ಓಡಾಡಿದರು. ಮೂರನೆಯ ಸಂಜೆ ಕಿರುಬೆರಳ ಬುಡ ಕೆಂಪಾಗಿತ್ತು. ಒಳಗಿನ ತಂತಿಯೊಂದು ಕೂದಲೆಳೆಯಷ್ಟು ಉಬ್ಬಿ ನಿಂತಿತ್ತು.

ತಂಡದ ಮುಖ್ಯಸ್ಥೆಯ ಮುಂದೆ ಆ ಪಾದವನ್ನೇ ಚಾಚಿ ಕೂತರಂತೆ. "ನೋಡು ಕಣಮ್ಮ, ಕಾಲು ಕಾಯೋಕೆ ಇಟ್ಕೊಂಡಿದ್ದೇ ಕಾಲು ಕಚ್ತಾ ಇದೆ."

"ಅಕ್ಕ, ತಂತಿ ಇದಕ್ಕಿಂತ ತೆಳ್ಳಗೆ ಬರಲ್ಲ" ಎಂದರು ಮುಖ್ಯಸ್ಥೆ.

"ತೆಳ್ಳಗೆ ಮಾಡು ಅಂತ ಯಾರು ಹೇಳಿದ್ರು? ಕಾಲು ನೆಲ ಮುಟ್ಟದೇ ಇರೋ ಜಾಗದಲ್ಲಿ ಓಡಿಸು."

ಪಾದದ ಒಳಬದಿಯ ಕಮಾನಿನುದ್ದಕ್ಕೂ, ಭಾರ ಬೀಳದ ದಾರಿಯಲ್ಲಿ ಸಣ್ಣ ಕಾಲುವೆ ಕೊರೆದು ತಂತಿ ಮಲಗಿಸಿ, ಮೇಲೆ ಮೆತ್ತನೆಯ ಹೊದಿಕೆ ಅಂಟಿಸುವ ಕ್ರಮವನ್ನು ಅಟ್ಟೆಯಕ್ಕ ಐದು ತಿಂಗಳು ಕೂತು ಕಂಡುಕೊಂಡರು. ಅರವತ್ತಕ್ಕೂ ಹೆಚ್ಚು ಅಟ್ಟೆಗಳು ಕಸದ ಬುಟ್ಟಿಗೆ ಹೋದವು. ಈಗ ದಿನಕ್ಕೆ ಮೂರು ಜೊತೆ ಮಾಡುತ್ತಾರೆ. ಒಂದೊಂದು ಪಾದಕ್ಕೆ ಬೇರೆ ಬೇರೆ ಅಳತೆ. ಏಳೆಂಟು ತಿಂಗಳಿಗೆ ಒಂದು ಅಟ್ಟೆಯ ಆಯಸ್ಸು ಮುಗಿಯುತ್ತದೆ, ಮತ್ತೆ ಹೊಸದು.

ಆದರೆ ಆಸ್ಪತ್ರೆಯವರು ಇವರ ಬಗ್ಗೆ ಹೇಳುವಾಗ ಮೊದಲು ತೆಗೆಯುವುದು ಮೀಟರಣ್ಣನ ಸಂಗತಿ.

ಮೀಟರಣ್ಣ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವರು. ವಯಸ್ಸು ನಲವತ್ತಾರು. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡಿಗೆ. ಕಳೆದ ವರ್ಷ ಅವರಿಗೆ ಹೊಸದಾಗಿ ನಾಲ್ಕು ಮಹಡಿ ಕಟ್ಟಡಗಳ ಬೀದಿಯೊಂದು ಸೇರಿತು. ಮೆಟ್ಟಿಲು ಹತ್ತಿ ಇಳಿಯುವುದು ಶುರುವಾದ ವಾರದಲ್ಲೇ ಎಡಗಾಲಿನ ಹೆಬ್ಬೆರಳ ಬುಡ ಹಳದಿಯಾಯಿತು, ಮೂರನೆಯ ದಿನ ಕೆಂಪು. ಅಟ್ಟೆಯಕ್ಕ ಫೋನ್ ಮಾಡಿದರೆ, "ನೋವೇನೂ ಇಲ್ಲ ಅಕ್ಕ, ನಿಮ್ಮ ಮೆಷಿನ್ನಿಗೇ ಜ್ವರ ಬಂದಿರ್ಬೇಕು" ಎಂಬ ಉತ್ತರ. ಮತ್ತೆರಡು ದಿನ ಜಪ್ಪಯ್ಯ ಎಂದರೂ ಆಸ್ಪತ್ರೆ ಕಡೆ ಬರಲಿಲ್ಲ. ಆರನೆಯ ಬೆಳಿಗ್ಗೆ ಪರದೆ ನೋಡಿದರೆ, ಮೀಟರಣ್ಣನ ಎರಡೂ ಪಾದ ಹಸಿರು.

ವೈದ್ಯೆ ನಿಟ್ಟುಸಿರು ಬಿಟ್ಟರು. ದಾದಿ ಎಚ್ಚರಿಕೆಯ ಪಟ್ಟಿಯಿಂದ ಹೆಸರು ತೆಗೆದರು. ಅಟ್ಟೆಯಕ್ಕ ಮಾತ್ರ ಪರದೆಯ ಮುಂದಿನಿಂದ ಕದಲಲಿಲ್ಲ. ಬಿಸಿಯ ಬಣ್ಣ ಬಿಟ್ಟು ಭಾರದ ಗುರುತುಗಳನ್ನು ನೋಡುತ್ತ ನಿಂತರು. ಮೀಟರಣ್ಣ ಎಡ ಹಿಮ್ಮಡಿಯ ಹೊರ ಅಂಚಿನ ಮೇಲೆ ಭಾರ ಹಾಕುವವರು. ಬಲ ಭುಜಕ್ಕೆ ಚೀಲ ನೇತುಹಾಕಿ ಇಪ್ಪತ್ತು ವರ್ಷ ನಡೆದು ಬಂದ ಅಭ್ಯಾಸ. ಆದರೆ ಅಂದು ಪರದೆಯ ಪಾದ ನಡುಮಧ್ಯಕ್ಕೆ ಊರಿ, ಬೆರಳ ತುದಿಯಿಂದ ಚಿಮ್ಮುತ್ತಿತ್ತು.

"ಡಾಕ್ಟರಮ್ಮ, ಈ ಹಸಿರು ಸುಳ್ಳು."

"ಎರಡೂ ಕಾಲು ಸಮ ಇದೆಯಲ್ಲಕ್ಕ. ಒಳ್ಳೇದೇ ಆಯ್ತಲ್ಲ?"

"ಕಾಲೇನೋ ಸಮ ಇದೆ. ಆದ್ರೆ ಕಾಲು ಅವನದ್ದಲ್ಲ."

ಫೋನಿನಲ್ಲಿ ಸಿಕ್ಕ ಇಂಜಿನಿಯರ್ ನಂಬಲಿಲ್ಲ. ಜನರ ನಡಿಗೆ ದಿನಕ್ಕೊಂದು ಥರ ಇರುತ್ತದೆ ಎಂದರು. "ಸುಸ್ತಾದ್ರೆ ನಡಿಗೆ ನಿಧಾನ ಆಗುತ್ತೆ, ಸಿಟ್ಟು ಬಂದ್ರೆ ಜೋರಾಗುತ್ತೆ. ಒಂದೇ ದಿನಕ್ಕೆ ಹಿಮ್ಮಡಿ ಬದಲಾಗಲ್ಲ ತಾಯಿ" ಎಂದು ಫೋನಿಟ್ಟ ಅಟ್ಟೆಯಕ್ಕ, ಮರುದಿನಕ್ಕೆ ಅರ್ಧ ದಿನ ರಜೆ ಬರೆದುಕೊಟ್ಟು, ನಸುಕಿನಲ್ಲೇ ಬಸ್ ಹತ್ತಿದರು.

ಬಾಗಿಲು ತೆಗೆದದ್ದು ಮೀಟರಣ್ಣನ ಹೆಂಡತಿ. ಪಡಸಾಲೆಯಲ್ಲಿ ಯುವಕನೊಬ್ಬ ಕೆಲಸಕ್ಕೆ ಹೊರಡಲು ಶೂ ಲೇಸು ಕಟ್ಟುತ್ತಿದ್ದ. ಅಟ್ಟೆಯಕ್ಕ ತಮ್ಮದೇ ಹೊಲಿಗೆಯನ್ನು ಅಲ್ಲಿಂದಲೇ ಗುರುತು ಹಿಡಿದರು.

"ಯಾರಪ್ಪ ನೀನು?"

"ನಾನು ಅವರ ಭಾಮೈದ. ಗೋದಾಮಲ್ಲಿ ಕಾವಲು ಕೆಲಸ. ಭಾವನೇ ಕೊಟ್ರು, ಒಂದು ವಾರ ಹಾಕ್ಕೊಂಡು ಓಡಾಡು ಅಂತ. ಎಂಥಾ ಶೂ ಅಕ್ಕ ಇದು! ಮೋಡದ ಮೇಲೆ ನಡೆದಂಗಿದೆ."

"ಹೊಗಳಿದ್ದು ಸಾಕು, ಬಿಚ್ಚು. ಭಾವ ಎಲ್ಲಿ?"

ಒಳಕೋಣೆಯಲ್ಲಿ ಹಳೆಯ ಶೂ ಹಾಕಿಕೊಂಡು ಕೂತಿದ್ದ ಮೀಟರಣ್ಣ ತಲೆ ಎತ್ತಲಿಲ್ಲ. ಹೊರಡುವ ಚೀಲ ಆಗಲೇ ಭುಜದಲ್ಲಿತ್ತು. ಅಟ್ಟೆಯಕ್ಕ ನೆಲದಲ್ಲೇ ಕೂತು, "ಎಡಗಾಲು ಕೊಡು ತಮ್ಮಾ" ಎಂದರು.

"ಅಕ್ಕ, ಕಾಲು ಕೆಟ್ಟಿದೆ ಅಂತ ಕಚೇರೀಲಿ ಗೊತ್ತಾದ್ರೆ ಬೀದಿ ಕಿತ್ಕೊಂಡು ಬೇರೆಯವರಿಗೆ ಕೊಡ್ತಾರೆ. ನಡೆಯೋದು ಬಿಟ್ಟು ನನಗೆ ಬೇರೆ ಏನು ಬರುತ್ತೆ? ಈ ಮೊಬೈಲು ದಿನಾ ಕೂಗ್ಕೊಳ್ತಾ ಇತ್ತು. ಅದರ ಬಾಯಿ ಮುಚ್ಚಿಸೋಕೆ ಹೀಗೆ ಮಾಡ್ದೆ."

"ಅದರ ಬಾಯಿ ಮುಚ್ಚಿಸ್ದೆ, ಸರಿ. ಇದರದ್ದು?"

ಹೆಬ್ಬೆರಳ ಬುಡದ ದಪ್ಪ ಚರ್ಮದಡಿ ನೇರಳೆ ಬಣ್ಣದ ಗುಳ್ಳೆ ಕಟ್ಟಿತ್ತು. ಸುತ್ತಲಿನ ಕೆಂಪು ಆಗಲೇ ಪಾದದ ಮೇಲ್ಭಾಗಕ್ಕೆ ಹತ್ತಿತ್ತು. ಅಟ್ಟೆಯಕ್ಕ ಅದರ ಮೇಲೆ ಅಂಗೈ ಇಟ್ಟು, ಮೀಟರಣ್ಣನ ಹೆಂಡತಿಯ ಕೈಯನ್ನೂ ಎಳೆದು ಇಟ್ಟರು. ಆಮೇಲೆ ತಣ್ಣಗಿದ್ದ ಬಲಗಾಲಿನ ಮೇಲೆ. ಆಕೆ ಗಂಡನ ಭುಜದಿಂದ ಚೀಲ ಇಳಿಸಿ, ಬಾಡಿಗೆ ಕಾರಿಗೆ ಫೋನ್ ಮಾಡಿದರಂತೆ.

ವೈದ್ಯೆ ಅಂದೇ ಗುಳ್ಳೆ ಬಿಡಿಸಿ ಕೀವು ತೆಗೆದರು. ಸೋಂಕು ಮೂಳೆಗೆ ತಲುಪಿರಲಿಲ್ಲ. "ಇನ್ನು ನಾಲ್ಕೈದು ದಿನ ಕಳೆದಿದ್ದರೆ ಬೆರಳಂತೂ ಉಳಿಯುತ್ತಿರಲಿಲ್ಲ, ಮುಂದಿನದ್ದು ಹೇಳುವುದು ಕಷ್ಟ" ಎಂದು ಅವರೇ ನನಗೆ ಹೇಳಿದರು. ಆರು ವಾರ ನಡೆಯುವ ಹಾಗಿರಲಿಲ್ಲ. ಆ ಆರು ವಾರದಲ್ಲಿ ಅಟ್ಟೆಯಕ್ಕ ವೈದ್ಯೆಯ ಪತ್ರ ಹಿಡಿದುಕೊಂಡು ಮೀಟರಣ್ಣನ ಕಚೇರಿಗೆ ಮೂರು ಸಲ ಹೋದರು. ಮೊದಲ ಸಲ ಮೇಲ್ವಿಚಾರಕರು ಸಿಗಲಿಲ್ಲ. ಎರಡನೆಯ ಸಲ, ಪಾದರಕ್ಷೆ ಮಾಡುವವರಿಗೆ ಇಲ್ಲೇನು ಕೆಲಸ ಎಂದರು. ಮೂರನೆಯ ಸಲ ಅಟ್ಟೆಯಕ್ಕ ಮೀಟರಣ್ಣನ ಎರಡು ಪಾದದ ಚಿತ್ರ ಅಚ್ಚು ಹಾಕಿಸಿಕೊಂಡು ಹೋಗಿ ಮೇಜಿನ ಮೇಲೆ ಹರಡಿದರು. "ಸಾರ್, ಇವನು ಕೆಲಸ ಕಳ್ಳ ಅಲ್ಲ. ಕೆಲಸ ಹೋಗುತ್ತೆ ಅಂತ ಕಾಲನ್ನೇ ಬಚ್ಚಿಟ್ಟೋನು. ಮೆಟ್ಟಿಲಿಲ್ಲದ ಬೀದಿ ಕೊಡಿ, ಇನ್ನಿಪ್ಪತ್ತು ವರ್ಷ ನಡೀತಾನೆ."

ಮೇಲ್ವಿಚಾರಕರು ಬಹಳ ಹೊತ್ತು ಚಿತ್ರ ನೋಡಿದರು. ತಮ್ಮ ತಾಯಿಗೂ ಸಕ್ಕರೆ ಕಾಯಿಲೆ ಇದೆ ಎಂದರು. ಬೀದಿ ಬದಲಾಯಿತು. ಏಳನೆಯ ವಾರ ಮೀಟರಣ್ಣ ಹೊಸ ಅಟ್ಟೆ ಹಾಕಿಕೊಂಡು ಕೆಲಸಕ್ಕೆ ಹೋದರು. ಭಾಮೈದ ಬಂದು, ಕಾಯಿಲೆ ಇಲ್ಲದವರಿಗೂ ಇಂಥದ್ದು ಒಂದು ಜೊತೆ ಸಿಗುತ್ತದೆಯೇ ಎಂದು ವಿಚಾರಿಸಿ ಹೋದದ್ದೂ ಆಯಿತು.

ಇಂಜಿನಿಯರುಗಳು ಆಮೇಲೆ ಅಟ್ಟೆಯಕ್ಕನ ಪಕ್ಕ ಎರಡು ತಿಂಗಳು ಕೂತರು. ಯಾರದು ಯಾವ ನಡಿಗೆ, ಏನು ನೋಡಿ ಗುರುತು ಹಿಡಿಯುತ್ತೀರಿ ಎಂದು ಕೇಳಿ ಕೇಳಿ ಬರೆದುಕೊಂಡರು. ಈಗ ಶೂ ಬೇರೆಯವರ ಕಾಲಿಗೆ ಹೋದರೆ ಪರದೆಯಲ್ಲಿ ಬೂದು ಬಣ್ಣ ಬರುತ್ತದೆ. ಹೋದ ತಿಂಗಳು ಹಾಗೆ ಸಿಕ್ಕಿಬಿದ್ದವರು ಐವರು. ಈ ಕುರಿತ ವರದಿಯಲ್ಲಿ ಹನ್ನೊಂದು ಹೆಸರುಗಳಿವೆ, ಅಟ್ಟೆಯಕ್ಕನದು ಇಲ್ಲ. ಕೊನೆಯ ಪುಟದಲ್ಲಿ 'ಕಾರ್ಯಾಗಾರದ ಸಿಬ್ಬಂದಿಗೆ ಕೃತಜ್ಞತೆ' ಎಂದಿದೆ. "ಕಾರ್ಯಾಗಾರದಲ್ಲಿ ಇರೋಳು ನಾನೊಬ್ಳೇ. ಅಂದ್ಮೇಲೆ ಅದು ನನಗೇ ತಾನೆ?" ಎಂದು ಕಣ್ಣು ಮಿಟುಕಿಸುತ್ತಾರೆ.

ಬೇಸರವಿಲ್ಲವೇ ಎಂದು ಕೇಳುತ್ತೇನೆ. ಇದೆ, ಆದರೆ ಅದಕ್ಕಲ್ಲ ಎನ್ನುತ್ತಾ ಮೇಜಿನ ಕೆಳಗಿನ ಖಾನೆ ಎಳೆಯುತ್ತಾರೆ. ಒಳಗೆ ಮನೆಯೊಳಗೆ ಹಾಕಿಕೊಳ್ಳುವ ಸಾದಾ ಚಪ್ಪಲಿಗಳು, ಅರ್ಧ ಕೊರೆದವು. ಪರದೆಯ ನೂರ ನಲವತ್ತಮೂರು ಜನರಲ್ಲಿ ಹೆಂಗಸರು ಇಪ್ಪತ್ತೆಂಟೇ. ಕಾಯಿಲೆ ಹೆಂಗಸರಿಗೆ ಕಡಿಮೆ ಎಂದಲ್ಲ, ಮನೆಯಲ್ಲೇ ದುಡಿಯುವವರು ಶೂ ಹಾಕುವುದಿಲ್ಲ. ಚಪ್ಪಲಿಯಲ್ಲಿ ಪಾದ ಸರಿದಾಡುತ್ತದೆ, ಸೆನ್ಸರ್ ಜಾಗ ತಪ್ಪುತ್ತದೆ, ಇದು ಆಗದ ಕೆಲಸ ಎಂದು ತಂಡ ಎರಡು ಸಲ ಹೇಳಿಯಾಗಿದೆ.

"ಶೂ ಹಾಕಿ ಹೊರಗೆ ಹೋಗೋರ ಹೆಜ್ಜೆ ಎಲ್ಲಾ ಎಣಿಸ್ತೀವಿ. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಿತ್ತಲಿಗೆ ನಡೆಯೋರದ್ದು ಹೆಜ್ಜೆ ಅಲ್ವಾ?" ಎನ್ನುತ್ತಾ ಅವರು ಹೊಸ ಚಪ್ಪಲಿಯೊಂದನ್ನು ಮೇಜಿಗೆ ಎತ್ತಿಡುತ್ತಾರೆ. ಹಿಮ್ಮಡಿಗೆ ಸಣ್ಣದೊಂದು ಪಟ್ಟಿ ಸೇರಿದೆ. ಪಾದ ಸರಿಯದಂತೆ ಹಿಡಿಯಲು ಅದು ಹದಿನಾಲ್ಕನೆಯ ಪ್ರಯತ್ನ.

"ಒಂದೇ ಒಂದು ಜೊತೆ ಸರಿಯಾಗಿ ಕೂರಲಿ ಸಾಕು. ಕೂರುತ್ತೆ. ನನಗೆ ನಿವೃತ್ತಿಗೆ ಇನ್ನೂ ಏಳು ವರ್ಷ ಇದೆ."