ಚೀಟಿಯಲ್ಲಿ ಬಂದ ಪಕ್ಷ

ಹೋದ ಶನಿವಾರ ನನ್ನ ವಿದ್ಯಾರ್ಥಿನಿಯೊಬ್ಬಳು ಡಿಬೇಟ್‌ನಲ್ಲಿ ಫಸ್ಟ್ ಬಂದಳು. ಅವತ್ತಿನಿಂದ ನನಗೆ ಊಟ ರುಚಿಸುತ್ತಿಲ್ಲ.

(ಮಾಸ್ತರಿಗೆ ಹೊಟ್ಟೆಕಿಚ್ಚು ಎನ್ನಬೇಡಿ. ಪೂರ್ತಿ ಕೇಳಿ.)

ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಈ ವರ್ಷ ಡಿಬೇಟ್ ಕ್ಲಬ್ ಶುರು ಮಾಡಿದವನು ನಾನೇ. ಸೇರಿದವರು ಏಳು ಜನ. ಅವರಲ್ಲಿ ರಬಕವಿಯ ಸವಿತಾ ಮಾತಾಡಲು ಎದ್ದರೆ ದುಪಟ್ಟಾದ ಅಂಚು ಹಿಂಡುತ್ತಾ ನಿಂತುಬಿಡುತ್ತಿದ್ದಳು. ಅಪ್ಪ ಕೈಮಗ್ಗದ ನೇಕಾರ. ಮನೆಯಲ್ಲಿ ಮಗ್ಗದ ಸಪ್ಪಳವನ್ನು ಮೀರಿಸಿ ಮಾತಾಡಿ ರೂಢಿ, ಹಾಗಾಗಿ ಧ್ವನಿ ಮಾತ್ರ ಗಟ್ಟಿ.

ಮೊದಲ ದಿನವೇ ರೂಲ್ ಹೇಳಿದ್ದೆ. ಪರವೋ ವಿರೋಧವೋ, ಅದು ನಿಮ್ಮ ಇಷ್ಟವಲ್ಲ. ಚೀಟಿ ಎತ್ತಬೇಕು. ಬಂದ ಪಕ್ಷವನ್ನು ನಿಮ್ಮದೇ ಎಂಬಂತೆ ವಾದಿಸಬೇಕು. "ನೀವು ನಂಬದಿದ್ದರೂ ಕೇಳುವವರು ನಂಬಬೇಕು" ಎಂದು ಭಾಷಣ ಬಿಗಿದಿದ್ದೆ. ಎಂಥ ಜಾಣ ನಾನು!

ಸ್ಪರ್ಧೆಯ ವಿಷಯ: ಕೈಮಗ್ಗಕ್ಕೆ ಇನ್ನು ಭವಿಷ್ಯವಿಲ್ಲ. ಸವಿತಾಳ ಚೀಟಿಯಲ್ಲಿ ಬಂದದ್ದು: ಪರ.

"ಸರ್, ಇದನ್ನ ನಾ ಹೆಂಗ ಮಾತಾಡ್ಲಿರಿ? ನಮ್ಮಪ್ಪ ಕೇಳಾಕ ಬರಾಕತ್ತಾನ್ರಿ."

"ಇದು ಆಟ ಇದ್ದಂಗವ್ವಾ. ಅಪ್ಪಗ ನಾ ಮೊದ್ಲ ತಿಳಿಸಿ ಹೇಳ್ತೇನಿ."

ಹೇಳಲಿಲ್ಲ. ತೀರ್ಪುಗಾರರಿಗೆ ಶಾಲು, ಕೈಕೊಟ್ಟ ಮೈಕು, ಈ ಗದ್ದಲದಲ್ಲಿ ಮರೆತೇಬಿಟ್ಟೆ.

ಸವಿತಾ ಮಾತಾಡಿದಳು. ಅಬ್ಬಾ, ಏನು ಮಾತು! ಒಂದು ಸೀರೆಗೆ ಎಷ್ಟು ದಿನ ಕೂರಬೇಕು, ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವನ ಮೊಣಕಾಲು ಏನಾಗುತ್ತದೆ. (ಇದು ಗೂಗಲ್‌ನಲ್ಲಿ ಸಿಗುವುದಿಲ್ಲ. ಅಪ್ಪನ ಕಾಲಿಗೆ ದಿನಾ ಎಣ್ಣೆ ತಿಕ್ಕುವ ಮಗಳಿಗೆ ಗೊತ್ತು.) "ಹಟ ಹಿಡಿದು ಕೂತರೆ ಮಗ್ಗ ಉಳಿಯುವುದಿಲ್ಲ, ಮನುಷ್ಯ ಸವೆಯುತ್ತಾನೆ" ಎಂದಾಗ ಹಾಲ್ ತುಂಬ ಚಪ್ಪಾಳೆ. ನಾನೂ ತಟ್ಟಿದೆ. ಹಿಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ ಅವಳಪ್ಪನೂ ತಟ್ಟಿದರು.

ಕಪ್ ಹಿಡಿದು ಬಂದ ಮಗಳ ತಲೆ ಸವರಿ ಹೇಳಿದರು: "ಖರೇನ ಹೇಳಿದಿ ಬಿಡವ್ವಾ. ಇಷ್ಟ ದಿನಾ ಮನ್ಯಾಗ ಯಾಕ ಹೇಳಲಿಲ್ಲ?"

ಆಗ ನನಗೆ ನೆನಪಾಯಿತು! ಓಡಿಹೋಗಿ ಚೀಟಿ, ರೂಲ್ ಎಲ್ಲ ವಿವರಿಸಿದೆ. "ಅದು ಅಕಿ ಮನಸ್ಸಿನ ಮಾತಲ್ರೀ" ಎಂದೆ. ಅವರು ನಕ್ಕರು.

"ಇರ್ಲಿ ಬಿಡ್ರಿ ಸರ್. ಚೀಟಿ ಯಾವುದಾರ ಇರ್ಲಿ, ಮಣಕಾಲು ನಂದ ಅಲ್ರಿ?"

ಬುಧವಾರ ಸವಿತಾ ಬಂದಳು, ಕ್ಲಬ್‌ನಿಂದ ಹೆಸರು ತೆಗೆಸಲು. ಅಪ್ಪ ಮಗ್ಗ ಬಿಚ್ಚಿಟ್ಟಿದ್ದಾರಂತೆ. ಬನಹಟ್ಟಿಯಲ್ಲಿ ಪವರ್‌ಲೂಮ್ ಕೆಲಸ ಕೇಳಿ ಬಂದಿದ್ದಾರಂತೆ. ಕಾಲುನೋವಿಗೆ ಒಳ್ಳೆಯದೇ ಆಯಿತಲ್ಲ ಎಂದು ಸಮಾಧಾನ ಹೇಳಲು ಹೋದೆ.

"ಮನ್ಯಾಗ ಸಪ್ಪಳನ ಇಲ್ರಿ ಸರ್. ಮೆಲ್ಲಕ ಮಾತಾಡಿದ್ರೂ ಕೇಳಸ್ತೈತಿ" ಎಂದಳು.

ಮಗ್ಗ ಬಿಚ್ಚುವಾಗ ಅವಳು ಅಪ್ಪನ ಕೈ ಹಿಡಿದು, ಬ್ಯಾಡಪ್ಪಾ, ನಾ ಹೇಳಿದ್ದೆಲ್ಲ ಸುಳ್ಳು ಎಂದು ಅತ್ತಳಂತೆ. ಅವರು ಸಿಟ್ಟಾಗಲಿಲ್ಲ. ನಾನೇ ಕಲಿಸಿಕೊಟ್ಟಿದ್ದೆನಲ್ಲ, ಅದನ್ನೇ ಮೆಲ್ಲಗೆ ಕೇಳಿದರಂತೆ:

"ಈಗ ಬಂದದ್ದು ಯಾವ ಚೀಟಿಯವ್ವಾ?"